ಮಕ್ಕಳಿಗೆ ಯಾವ ಲ್ಯಾಪ್‌ಟಾಪ್? ಮೊದಲು ಚೀಲ ತೂಗಿ ನೋಡಿ

ಪಿಯುಸಿ ಫಲಿತಾಂಶ ಬಂದು, ಕಾಲೇಜಿನಲ್ಲಿ ಸೀಟು ಸಿಕ್ಕಿತು ಎಂದಾದ ಮೇಲೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಫೀಸಿನದು. ಎರಡನೆಯದು ಲ್ಯಾಪ್‌ಟಾಪಿನದು. ಹಗುರವಾದದ್ದನ್ನು ಕೊಳ್ಳುವುದೋ, ಸ್ವಲ್ಪ ಭಾರವಾದರೂ ಪರವಾಗಿಲ್ಲ ಎಂದು ಹೆಚ್ಚು ಶಕ್ತಿಯಿರುವುದನ್ನು ಕೊಳ್ಳುವುದೋ? ಅಂಗಡಿಯವನು ಒಂದು ಹೇಳುತ್ತಾನೆ, ಮಗನ ಗೆಳೆಯ ಇನ್ನೊಂದು ಹೇಳುತ್ತಾನೆ, ದುಬೈಯಲ್ಲಿರುವ ಮಾಮಾ ಫೋನಿನಲ್ಲಿ ಮೂರನೆಯದನ್ನು ಹೇಳುತ್ತಾರೆ. ದುಡ್ಡು ಕೊಡುವ ತಂದೆ ಮಾತ್ರ ಎಲ್ಲರ ಮುಖ ನೋಡುತ್ತಾ ನಿಂತಿರುತ್ತಾರೆ.

ಯುನಾನಿ ವೈದ್ಯನಿಗೆ ಲ್ಯಾಪ್‌ಟಾಪಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಇತ್ತೀಚಿನ ವರ್ಷಗಳಲ್ಲಿ ನನ್ನ ದವಾಖಾನೆಗೆ ಕುತ್ತಿಗೆ ನೋವು, ಭುಜದ ಸೆಳೆತ, ಕಣ್ಣುರಿ, ನಿದ್ದೆಗೇಡು ಎಂದು ಬರುವ ಹದಿನೆಂಟು-ಇಪ್ಪತ್ತರ ಮಕ್ಕಳ ಸಂಖ್ಯೆ ಹೆಚ್ಚಾಗಿದೆ. ಹಿಂದೆಲ್ಲ ಇವು ಐವತ್ತು ದಾಟಿದವರ ದೂರುಗಳಾಗಿದ್ದವು. ವಿಚಾರಿಸುತ್ತಾ ಹೋದರೆ ಅನೇಕರ ಕಥೆ ಲ್ಯಾಪ್‌ಟಾಪಿನ ಬಳಿ ಬಂದು ನಿಲ್ಲುತ್ತದೆ. ಅಂಥ ಎರಡು ಅನುಭವಗಳನ್ನು ಇಲ್ಲಿ ಹೇಳುತ್ತೇನೆ. ಒಂದು ನನ್ನ ರೋಗಿಯದು. ಇನ್ನೊಂದು ನನ್ನದೇ ಮನೆಯದು, ಅದರಲ್ಲಿ ತಪ್ಪು ನನ್ನದು.

ಸಲಾಮ್ ಹೇಳುವಾಗ ತಿರುಗದ ಕುತ್ತಿಗೆ

ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಹುಡುಗಿ ಆಕೆ. ಕಂಪ್ಯೂಟರ್ ಸೈನ್ಸ್ ಮೊದಲ ವರ್ಷ. ತಾಯಿಯೊಂದಿಗೆ ಬಂದಿದ್ದಳು. ಏನು ತೊಂದರೆ ಎಂದಾಗ, "ನಮಾಝ್‌ನಲ್ಲಿ ಸಲಾಮ್ ಹೇಳುವಾಗ ಕುತ್ತಿಗೆ ಬಲಗಡೆ ಪೂರ್ತಿ ತಿರುಗುವುದಿಲ್ಲ ಡಾಕ್ಟರ್ ಸಾಬ್" ಎಂದಳು. ಬಲಭುಜದ ಮೇಲಿನ ಸ್ನಾಯು ಹಗ್ಗದಂತೆ ಬಿಗಿದಿತ್ತು. ಒತ್ತಿದರೆ ನೋವು ತಲೆಯ ಹಿಂಭಾಗದವರೆಗೂ ಹೋಗುತ್ತಿತ್ತು.

ಚೀಲ ಎಲ್ಲಿ ಎಂದು ಕೇಳಿದೆ. ಕಾಲೇಜಿನಿಂದ ನೇರ ಬಂದಿದ್ದರಿಂದ ಹೊರಗಿನ ಬೆಂಚಿನ ಮೇಲಿತ್ತು. ಒಳಗೆ ತರಿಸಿ, ಅವಳನ್ನು ತೂಕದ ಯಂತ್ರದ ಮೇಲೆ ಚೀಲವಿಲ್ಲದೆ ಒಮ್ಮೆ, ಚೀಲದೊಂದಿಗೆ ಒಮ್ಮೆ ನಿಲ್ಲಿಸಿದೆ. ಮೊದಲ ಸಲ 46.2 ಕೆ.ಜಿ., ಎರಡನೆಯ ಸಲ 53.4. ಅಂದರೆ ಚೀಲವೇ 7.2 ಕೆ.ಜಿ. ಒಂದೊಂದಾಗಿ ತೆಗೆದು ತೂಗಿದೆವು. ಲ್ಯಾಪ್‌ಟಾಪ್ 2.4, ಅದರ ಅಡಾಪ್ಟರ್ 0.7, ತುಂಬಿದ ನೀರಿನ ಬಾಟಲಿ 1.1, ಊಟದ ಡಬ್ಬಿ 0.6, ಪುಸ್ತಕ ಮತ್ತು ಫೈಲು 1.6, ಬರಿ ಚೀಲ 0.8. ಅಡಾಪ್ಟರ್ ಕೈಗೆ ತೆಗೆದುಕೊಂಡಾಗ ತಾಯಿಗೇ ಆಶ್ಚರ್ಯವಾಯಿತು. "ಇದು ಇಟ್ಟಿಗೆ ಇದ್ದ ಹಾಗೆ ಇದೆಯಲ್ಲ!"

ಶಾಲಾ ಮಕ್ಕಳ ಚೀಲ ದೇಹತೂಕದ ನೂರಕ್ಕೆ 10ರಷ್ಟನ್ನು ಮೀರಬಾರದು ಎಂದು ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಕಾಲೇಜಿಗೆ ಹೋಗುವವರಿಗೆ ಅಂಥ ನಿಯಮ ಇಲ್ಲ. ಆದರೆ ಪಿಯುಸಿ ಮುಗಿಸಿದ ಕೂಡಲೇ ಬೆನ್ನುಮೂಳೆ ಕಬ್ಬಿಣವಾಗುವುದಿಲ್ಲವಲ್ಲ. ಅದೇ ಲೆಕ್ಕ ಹಿಡಿದರೆ ಈ ಹುಡುಗಿ ಹೊರಬಹುದಾದದ್ದು ಹೆಚ್ಚೆಂದರೆ 4.6 ಕೆ.ಜಿ. ಅವಳು ಹೊರುತ್ತಿದ್ದದ್ದು ದೇಹತೂಕದ ನೂರಕ್ಕೆ 15ಕ್ಕಿಂತ ಹೆಚ್ಚು. ಅದನ್ನೂ ಒಂದೇ ಭುಜಕ್ಕೆ ನೇತುಹಾಕಿಕೊಂಡು, ತುಂಬಿದ ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದುಕೊಂಡು.

ಅಷ್ಟು ಭಾರದ ಲ್ಯಾಪ್‌ಟಾಪ್ ಏಕೆ ಕೊಂಡಿರಿ ಎಂದೆ. ಕಂಪ್ಯೂಟರ್ ಸೈನ್ಸ್ ಎಂದ ಕೂಡಲೇ ಅಂಗಡಿಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿದರಂತೆ. "ನಾಲ್ಕು ವರ್ಷ ಬರಬೇಕು, ಇದಕ್ಕಿಂತ ಕಡಿಮೆಯದು ತೆಗೆದುಕೊಂಡರೆ ಎರಡನೇ ವರ್ಷವೇ ಅಳುತ್ತೀರಿ" ಎಂದರಂತೆ. ತಂದೆ ಬೈಕ್ ಗ್ಯಾರೇಜ್ ನಡೆಸುವವರು. ಮಗಳ ಓದಿಗೆ ಕೊರತೆ ಆಗಬಾರದೆಂದು ಹನ್ನೆರಡು ಕಂತುಗಳಲ್ಲಿ ತೆಗೆದುಕೊಟ್ಟರು. ಈಗ ಅವಳು ಅದರಲ್ಲಿ ಮಾಡುತ್ತಿದ್ದ ಕೆಲಸವೆಂದರೆ ಸಿ ಮತ್ತು ಪೈಥಾನ್ ಕಲಿಯುವುದು, ನೋಟ್ಸ್ ಓದುವುದು, ಪಾಠದ ವಿಡಿಯೊ ನೋಡುವುದು. ಇವು ಯಾವುವಕ್ಕೂ ಗೇಮಿಂಗ್ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ಎದ್ದು ಹೋಗುವಾಗ ಹುಡುಗಿ ಮೆಲ್ಲಗೆ, "ಅಬ್ಬಾಗೆ ಮಾತ್ರ ಹೇಳಬೇಡಿ. ಇನ್ನೂ ಏಳು ಕಂತು ಬಾಕಿ ಇದೆ" ಎಂದಳು. ಮೂರು ತಿಂಗಳಿಂದ ನೋವು ನುಂಗಿಕೊಂಡಿದ್ದು ಈ ಕಾರಣಕ್ಕೆ.

ನನ್ನ ಮನೆಯಲ್ಲಿ ಆದ ತಪ್ಪು

ಈ ಹುಡುಗಿಯ ಕಥೆ ಕೇಳಿ, ಹಗುರವಾದದ್ದೇ ಸರಿ ಎಂದು ತೀರ್ಮಾನಿಸಿಬಿಡಬೇಡಿ. ಆ ಆತುರವನ್ನು ನಾನು ಮಾಡಿ ಕೈಸುಟ್ಟುಕೊಂಡಿದ್ದೇನೆ.

ನನ್ನ ದೊಡ್ಡ ಮಗ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಾನೆ. ಅವನಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ ಬೆನ್ನು-ಕುತ್ತಿಗೆಯ ಬಗ್ಗೆ ಎಲ್ಲ ಬಲ್ಲವನೆಂಬ ಜಂಬದಲ್ಲಿ ನಾನೇ ಆರಿಸಿದೆ. 1.3 ಕೆ.ಜಿ.ಯ, ಫ್ಯಾನೇ ಇಲ್ಲದ, ನೋಡಲು ತಟ್ಟೆಯಂತಿದ್ದ ಲ್ಯಾಪ್‌ಟಾಪ್. ಅವನು ಏನೋ ಹೇಳಲು ಬಂದ, "ನಿನಗೆ ಗೊತ್ತಾಗುವುದಿಲ್ಲ, ಬೆನ್ನು ಮುಖ್ಯ" ಎಂದು ಬಾಯಿ ಮುಚ್ಚಿಸಿದೆ.

ಮೊದಲ ಸೆಮಿಸ್ಟರ್ ಚೆನ್ನಾಗಿಯೇ ಕಳೆಯಿತು. ಆಮೇಲೆ ಮೂರು ಆಯಾಮದ ಕಟ್ಟಡದ ಚಿತ್ರ ಮಾಡುವ ಕೆಲಸ ಶುರುವಾಯಿತು. ಚಿತ್ರ ಸಿದ್ಧಪಡಿಸಿ, ಬೆಳಕು-ನೆರಳು ಸೇರಿಸಿ ಅಂತಿಮ ರೂಪ ಕೊಡುವುದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಗೆಳೆಯರ ಲ್ಯಾಪ್‌ಟಾಪಿನಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಆಗುವ ಕೆಲಸ ಇವನದರಲ್ಲಿ ರಾತ್ರಿಯೆಲ್ಲ ನಡೆಯುತ್ತಿತ್ತು. ನಡುವೆ ಹ್ಯಾಂಗ್ ಆದರೆ ಮತ್ತೆ ಮೊದಲಿನಿಂದ. ಹಾಗಾಗಿ ಅವನು ಮಲಗದೆ ಕಾಯುತ್ತಿದ್ದ. ಅನೇಕ ದಿನ ಫಜ್ರ್ ಅಝಾನ್ ಕೇಳಿದ ಮೇಲೆ ಮಲಗಿದ್ದುಂಟು. ರಜೆಗೆ ಬಂದಾಗ ಕಣ್ಣಿನ ಕೆಳಗೆ ಕಪ್ಪು, ತಲೆನೋವು, ಮಲಬದ್ಧತೆ, ಮಾತೆತ್ತಿದರೆ ಸಿಟ್ಟು. ಔಷಧಿ ಕೊಡುವ ಮೊದಲು ಕಾರಣ ಕೇಳಿದೆ. ಅವನು ಲ್ಯಾಪ್‌ಟಾಪಿನ ಕಡೆ ಕೈತೋರಿಸಿದ.

ಇನ್ನೊಂದು ವಿಷಯವನ್ನೂ ಆಮೇಲೆ ಯೋಚಿಸಿದೆ. ಅವನ ಹಾಸ್ಟೆಲ್‌ನಿಂದ ತರಗತಿಗೆ ಐದು ನಿಮಿಷದ ನಡಿಗೆ. ಎರಡೂವರೆ ಕೆ.ಜಿ. ಹೊತ್ತರೂ ಆರೋಗ್ಯವಂತ ಹುಡುಗನಿಗೆ ಅದು ದೊಡ್ಡ ಭಾರವಲ್ಲ. ಹರಿಹರದ ಹುಡುಗಿಯ ಕಥೆ ಹೇಳಿದಾಗ ನನ್ನ ಹೆಂಡತಿ, "ಇಬ್ಬರ ಲ್ಯಾಪ್‌ಟಾಪೂ ಅದಲುಬದಲಾಗಿವೆ ನೋಡಿ" ಎಂದು ನಕ್ಕಳು. ನಿಜವೇ. ದೂರ ಹೊರುವವಳ ಬೆನ್ನಿಗೆ ಭಾರದ್ದು ಬಿದ್ದಿತ್ತು, ಭಾರೀ ಕೆಲಸ ಇರುವವನ ಕೈಗೆ ಹಗುರದ್ದು ಸಿಕ್ಕಿತ್ತು.

ಯುನಾನಿಯ ಕಣ್ಣಿನಲ್ಲಿ

ಮನುಷ್ಯನ ಆರೋಗ್ಯ ಆರು ಅನಿವಾರ್ಯ ಸಂಗತಿಗಳ ಮೇಲೆ ನಿಂತಿದೆ ಎನ್ನುತ್ತದೆ ನಮ್ಮ ಯುನಾನಿ ಪದ್ಧತಿ. ಅವುಗಳಿಗೆ ಅಸ್ಬಾಬ್-ಎ-ಸಿತ್ತಾ ಝರೂರಿಯಾ ಎಂದು ಹೆಸರು. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಇವು ಹದ ತಪ್ಪಿದರೆ ರೋಗ ಬರುತ್ತದೆ.

ಹುಡುಗಿಯ ವಿಷಯದಲ್ಲಿ ಕೆಟ್ಟದ್ದು ಮೂರನೆಯದು, ದೇಹದ ಚಲನೆ-ವಿಶ್ರಾಂತಿಯ ಹದ. ಹುಡುಗನ ವಿಷಯದಲ್ಲಿ ಮೊದಲು ಕೆಟ್ಟದ್ದು ಐದನೆಯದು, ನಿದ್ದೆ-ಎಚ್ಚರದ ಹದ. ಅದರ ಹಿಂದೆಯೇ ಮನಸ್ಸಿನ ನೆಮ್ಮದಿಯೂ ಹೊಟ್ಟೆಯ ಕ್ರಮವೂ ಹೋದವು. ಭಾರದ ಲ್ಯಾಪ್‌ಟಾಪ್ ಭುಜವನ್ನು ತಿನ್ನುತ್ತದೆ. ಕೆಲಸಕ್ಕೆ ಸಾಲದ ಲ್ಯಾಪ್‌ಟಾಪ್ ನಿದ್ದೆಯನ್ನು ತಿನ್ನುತ್ತದೆ. ಆದ್ದರಿಂದ ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಮ್ಮ ಮಗು ಎಷ್ಟು ದೂರ ಹೊರುತ್ತದೆ, ಅದರಲ್ಲಿ ಏನು ಕೆಲಸ ಮಾಡುತ್ತದೆ ಎಂದು ಕೇಳಬೇಕು. ಹಕೀಮರು ಔಷಧಿ ಬರೆಯುವ ಮೊದಲು ರೋಗಿಯ ಮಿಝಾಜ್ ನೋಡುವ ಹಾಗೆ.

ಶಕ್ತಿಗೆ ಭಾರ ಏಕೆ?

ಶಕ್ತಿಯೂ ಬೇಕು, ಹಗುರವೂ ಇರಬೇಕು, ಬೆಲೆಯೂ ಕಡಿಮೆ ಇರಬೇಕು ಎಂದು ಎಲ್ಲರಿಗೂ ಆಸೆ. ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಕಾರಣ ಸರಳ. ಕಂಪ್ಯೂಟರ್ ಎಳೆದುಕೊಳ್ಳುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಹಗುರ ಲ್ಯಾಪ್‌ಟಾಪಿನ ಪ್ರೊಸೆಸರ್ ಸಾಮಾನ್ಯವಾಗಿ 15 ವ್ಯಾಟ್ ಆಸುಪಾಸಿನ ಲೆಕ್ಕದಲ್ಲಿ ತಯಾರಾಗಿರುತ್ತದೆ. ಶಕ್ತಿಶಾಲಿ ಲ್ಯಾಪ್‌ಟಾಪಿನದು 45 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು, ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಬೇರೆ. ಎರಡೂ ಪೂರ್ತಿ ದುಡಿದರೆ 100 ವ್ಯಾಟ್ ದಾಟುವುದುಂಟು. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 100 ವ್ಯಾಟ್‌ನ ಹಳದಿ ಬಲ್ಬನ್ನು ಮುಟ್ಟಿ ನೋಡಿದವರಿಗೆ ಆ ಬಿಸಿ ಎಷ್ಟೆಂದು ಗೊತ್ತು. ಆ ಬಿಸಿಯನ್ನು ಹೊರಹಾಕಲು ತಾಮ್ರದ ಕೊಳವೆ ಬೇಕು, ಫ್ಯಾನ್ ಬೇಕು, ಗಾಳಿಯಾಡಲು ಜಾಗ ಬೇಕು. ಅಷ್ಟು ವಿದ್ಯುತ್ ಒದಗಿಸಲು ದೊಡ್ಡ ಬ್ಯಾಟರಿ, ದಪ್ಪ ಅಡಾಪ್ಟರ್ ಬೇಕು. ಭಾರ ಬರುವುದು ಇಲ್ಲಿಂದ.

ಇನ್ನೂ ಒಂದು ಮಾತು ತಿಳಿದಿರಬೇಕು. ಶಕ್ತಿಶಾಲಿ ಲ್ಯಾಪ್‌ಟಾಪ್ ತನ್ನ ಪೂರ್ತಿ ಶಕ್ತಿ ತೋರಿಸುವುದು ಅಡಾಪ್ಟರ್ ಚುಚ್ಚಿದಾಗ. ಬರಿ ಬ್ಯಾಟರಿಯಲ್ಲಿ ಅದು ನಿಧಾನವಾಗುತ್ತದೆ, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಪ್ಲಗ್ ಸಿಗದ ತರಗತಿಗೆ ಅದನ್ನು ಹೊತ್ತೊಯ್ದರೆ ಭಾರ ಪೂರ್ತಿ ನಮ್ಮದು, ಶಕ್ತಿ ಅರ್ಧ ಮಾತ್ರ. ಹಗುರದ್ದರ ಕೊರತೆ ಬೇರೆ. ತೆಳ್ಳಗಿನ ಮೈಯಲ್ಲಿ ಬಿಸಿ ಬೇಗ ಹೊರಹೋಗುವುದಿಲ್ಲ. ಸ್ವಲ್ಪ ಹೊತ್ತಿನ ಕೆಲಸಕ್ಕೆ ಚುರುಕು, ಗಂಟೆಗಟ್ಟಲೆ ದುಡಿಸಿದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ನನ್ನ ಮಗನ ಲ್ಯಾಪ್‌ಟಾಪಿಗೆ ಆದದ್ದು ಇದೇ.

ತೊಡೆ, ಕುತ್ತಿಗೆ, ಕಣ್ಣು

ಆ ಬಿಸಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮ ಮಕ್ಕಳಿಗಿದೆ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ಡಿ ಎಂಬ ಕೆಂಡದ ಬುಟ್ಟಿಯನ್ನು ಫಿರನ್ನಿನೊಳಗೆ ಇಟ್ಟುಕೊಳ್ಳುವವರ ಚರ್ಮದ ಮೇಲೆ ಬಲೆಯಂಥ ಕಂದುಗೆಂಪು ಗುರುತು ಮೂಡುತ್ತದೆ. ಸುಡದಷ್ಟು ಬಿಸಿ ದಿನವೂ ತಾಗುತ್ತಾ ಹೋದಾಗ ಆಗುವ ಬದಲಾವಣೆ ಅದು. ಇದೇ ಗುರುತು ಲ್ಯಾಪ್‌ಟಾಪಿನಿಂದ 12 ವರ್ಷದ ಹುಡುಗನೊಬ್ಬನ ಎಡತೊಡೆಯ ಮೇಲೆ ಮೂಡಿದ್ದನ್ನು ಸ್ವಿಟ್ಜರ್ಲೆಂಡಿನ ವೈದ್ಯರು 2010ರಲ್ಲಿ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಅವನು ತಿಂಗಳುಗಟ್ಟಲೆ ದಿನಕ್ಕೆ ಕೆಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಆಟವಾಡುತ್ತಿದ್ದ.

ಗಂಡುಮಕ್ಕಳ ತಂದೆ-ತಾಯಿಗೆ ಇನ್ನೊಂದು ವಿಷಯವನ್ನು ಸಂಕೋಚ ಬಿಟ್ಟು ಹೇಳಬೇಕು. ವೀರ್ಯಾಣುಗಳ ಉತ್ಪತ್ತಿಗೆ ದೇಹದ ಉಳಿದ ಭಾಗಕ್ಕಿಂತ ಸ್ವಲ್ಪ ತಂಪು ಬೇಕು. 2005ರಲ್ಲಿ ಅಮೆರಿಕದ ಸ್ಟೋನಿ ಬ್ರೂಕ್‌ನ ವೈದ್ಯರು 29 ಆರೋಗ್ಯವಂತ ಯುವಕರನ್ನು ಪರೀಕ್ಷಿಸಿದರು. ಒಂದು ಗಂಟೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಾಗ ವೃಷಣಚೀಲದ ಉಷ್ಣತೆ 2.6ರಿಂದ 2.8 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. ಅದರಲ್ಲಿ 2.1 ಡಿಗ್ರಿ ತೊಡೆಗಳನ್ನು ಜೋಡಿಸಿ ಕೂತದ್ದರಿಂದಲೇ ಏರುತ್ತಿತ್ತು. ಇದರಿಂದ ಮಕ್ಕಳಾಗುವುದೇ ಇಲ್ಲ ಎಂದು ಹೆದರಬೇಕಿಲ್ಲ, ಆ ಪರೀಕ್ಷೆ ಅಳೆದದ್ದು ಉಷ್ಣತೆಯನ್ನು ಮಾತ್ರ. ಆದರೆ ಲ್ಯಾಪ್‌ಟಾಪಿನ ಜಾಗ ಮೇಜು ಎಂದು ಕಲಿಸಲು ಇಷ್ಟು ಸಾಕು. ಹಗುರವಾಗಲಿ, ಭಾರವಾಗಲಿ, ಇದು ಎರಡಕ್ಕೂ ಅನ್ವಯ. ರಜಾಯಿ, ದಿಂಬಿನ ಮೇಲೂ ಬೇಡ. ಗಾಳಿಯ ಕಿಂಡಿ ಮುಚ್ಚಿ ಯಂತ್ರವೂ ಬಳಲುತ್ತದೆ.

ಕುತ್ತಿಗೆಯ ಲೆಕ್ಕ ನೋಡಿ. ನೆಟ್ಟಗೆ ಇರುವಾಗ ನಮ್ಮ ತಲೆಯ ಭಾರ ಸುಮಾರು 5 ಕೆ.ಜಿ. ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದಂತೆ, ತಲೆ 30 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲೆ ಬೀಳುವ ಒತ್ತಡ ಸುಮಾರು 18 ಕೆ.ಜಿ., 60 ಡಿಗ್ರಿ ಬಾಗಿದರೆ ಸುಮಾರು 27 ಕೆ.ಜಿ. ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಬೋರ್ಡ್ ಅಂಟಿಕೊಂಡೇ ಇರುವುದರಿಂದ ತೊಂದರೆ. ಕೀಬೋರ್ಡ್ ಕೈಗೆ ಸರಿಯಾದರೆ ಪರದೆ ತಗ್ಗಿಗೆ ಹೋಗುತ್ತದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಕೈ ಎತ್ತರಕ್ಕೆ ಹೋಗುತ್ತದೆ. ಪರಿಹಾರ ದುಬಾರಿಯಲ್ಲ. ಹಳೆಯ ದಪ್ಪ ಪುಸ್ತಕಗಳನ್ನು ಪೇರಿಸಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪ್ ಇಡಿ. ಬೇರೆ ಕೀಬೋರ್ಡ್ ಮತ್ತು ಮೌಸ್ ಜೋಡಿಸಿ. ಲ್ಯಾಪ್‌ಟಾಪ್‌ನ ಬಜೆಟ್‌ನಲ್ಲೇ ಇದಕ್ಕೆಂದು ಸಾವಿರ-ಸಾವಿರದ ಐನೂರು ರೂಪಾಯಿ ಎತ್ತಿಡಿ.

ಕಣ್ಣಿನ ವಿಷಯದಲ್ಲಿ ಹಗುರ ಲ್ಯಾಪ್‌ಟಾಪಿಗೆ ಒಂದು ದೋಷವಿದೆ. 13-14 ಇಂಚಿನ ಪರದೆಯಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆ, ಮಕ್ಕಳು ಮುಖವನ್ನು ಪರದೆಯ ಹತ್ತಿರ ಒಯ್ಯುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ, ಅದಕ್ಕೇ ಕಣ್ಣುರಿ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವ ರೂಢಿ ಮಾಡಿಸಿ. ಕಿಟಕಿಯಾಚೆಯ ಮರವಾದರೂ ಸರಿ.

ಯಾವ ಓದಿಗೆ ಯಾವುದು?

ನನ್ನ ಮಗನ ಪ್ರಸಂಗವಾದ ಮೇಲೆ ಬೇರೆ ಬೇರೆ ಕೋರ್ಸಿನ ಮಕ್ಕಳನ್ನು, ಅವರ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕೊಡುತ್ತೇನೆ.

ಎಂಬಿಬಿಎಸ್, ಬಿಯುಎಂಎಸ್, ನರ್ಸಿಂಗ್, ಫಾರ್ಮಸಿ, ಬಿ.ಎ., ಬಿ.ಎಡ್., ಕಾನೂನು: ಇವರಿಗೆ ಓದುವುದು, ಬರೆಯುವುದು, ವಿಡಿಯೊ ನೋಡುವುದು ಮುಖ್ಯ. ಹಗುರವಾದದ್ದು ಧಾರಾಳ ಸಾಕು. ಇವರಲ್ಲಿ ಹಲವರಿಗೆ ಮೊದಲ ವರ್ಷ ಲ್ಯಾಪ್‌ಟಾಪೇ ಬೇಕಾಗುವುದಿಲ್ಲ.

ಬಿ.ಕಾಂ., ಬಿ.ಬಿ.ಎ., ಸಿ.ಎ.: ಟ್ಯಾಲಿ, ಎಕ್ಸೆಲ್ ನಡೆದರೆ ಆಯಿತು. ಹಗುರದ್ದು ಸಾಕು.

ಕಂಪ್ಯೂಟರ್ ಸೈನ್ಸ್, ಬಿಸಿಎ: ಇಲ್ಲಿಯೇ ಹೆಚ್ಚು ಜನ ಮೋಸ ಹೋಗುವುದು. ಪ್ರೋಗ್ರಾಂ ಬರೆಯಲು ಬೇಕಾದದ್ದು ಒಳ್ಳೆಯ ಪ್ರೊಸೆಸರ್, 16 ಜಿ.ಬಿ. ರ್‍ಯಾಮ್, ಎಸ್‌ಎಸ್‌ಡಿ. ಗೇಮಿಂಗ್‌ನ ಗ್ರಾಫಿಕ್ಸ್ ಕಾರ್ಡ್ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಮುಂದೆ ಎಐ ಕಲಿಯುವಾಗ ಅಂಥ ಶಕ್ತಿ ಬೇಕೆನಿಸಿದರೆ ಗೂಗಲ್ ಕೊಲ್ಯಾಬ್‌ನಂಥ ಸೇವೆಗಳಲ್ಲಿ ಇಂಟರ್ನೆಟ್ ಮೂಲಕ ಒಂದು ಮಿತಿಯವರೆಗೆ ಉಚಿತವಾಗಿ ಬಳಸಬಹುದು.

ಆರ್ಕಿಟೆಕ್ಚರ್, ಅನಿಮೇಷನ್, ವಿಡಿಯೊ ಎಡಿಟಿಂಗ್, ಮೆಕ್ಯಾನಿಕಲ್ ಮತ್ತು ಸಿವಿಲ್‌ನ ಮೂರು ಆಯಾಮದ ವಿನ್ಯಾಸ: ಇವರಿಗೆ ಶಕ್ತಿ ಬೇಕು. ರೆವಿಟ್, ಸಾಲಿಡ್‌ವರ್ಕ್ಸ್, ಲ್ಯೂಮಿಯಾನ್‌ನಂಥ ತಂತ್ರಾಂಶಗಳು ವಿಂಡೋಸ್‌ಗೆಂದೇ ತಯಾರಾದವು. ಆದ್ದರಿಂದ ಹಗುರವಾಗಿಯೂ ಚುರುಕಾಗಿಯೂ ಇದೆ ಎಂದು ಮ್ಯಾಕ್‌ಬುಕ್ ಕೊಳ್ಳುವ ಮೊದಲು ಕಾಲೇಜಿನಲ್ಲಿ ವಿಚಾರಿಸಿ. ಮೊದಲ ವರ್ಷ ಕಾಲೇಜಿನ ಲ್ಯಾಬ್‌ನಲ್ಲೇ ಕೆಲಸ ನಡೆಯುವುದಾದರೆ ಒಂದು ವರ್ಷ ತಡೆದು ಕೊಳ್ಳುವುದೂ ಜಾಣತನವೇ.

ಒಂದು ಎಚ್ಚರಿಕೆ. ಅನೇಕ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಹಗುರದ್ದು ಕೊಳ್ಳುವವರು 8 ಜಿ.ಬಿ.ಗೆ ತೃಪ್ತಿಪಡದೆ 16 ಜಿ.ಬಿ.ಯದನ್ನೇ ನೋಡಿ.

ಮೂರನೆಯ ದಾರಿಯೂ ಒಂದಿದೆ. ದಿನವೂ ದೂರ ಓಡಾಡುವ, ಆದರೆ ಭಾರೀ ಕೆಲಸವೂ ಇರುವ ಮಗುವಿಗೆ ಮನೆಯಲ್ಲಿ ಡೆಸ್ಕ್‌ಟಾಪ್ ಒಳ್ಳೆಯದು. ಅಷ್ಟೇ ಶಕ್ತಿ ಸಾಮಾನ್ಯವಾಗಿ ಲ್ಯಾಪ್‌ಟಾಪಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಪರದೆ ದೊಡ್ಡದು, ಕುತ್ತಿಗೆಯೂ ನೆಟ್ಟಗಿರುತ್ತದೆ, ಮನೆಯ ಇತರ ಮಕ್ಕಳಿಗೂ ಬಳಕೆಯಾಗುತ್ತದೆ.

ಕೊಂಡದ್ದಾಗಿದೆ, ಈಗೇನು?

ಹರಿಹರದ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಚೀಲದ ಎರಡೂ ಪಟ್ಟಿಗಳನ್ನು ಎರಡೂ ಭುಜಕ್ಕೆ ಹಾಕು. ಲ್ಯಾಪ್‌ಟಾಪ್ ಬೆನ್ನಿಗೆ ಅಂಟಿಕೊಳ್ಳುವ ಅರೆಯಲ್ಲಿರಲಿ. ಚೀಲ ಸೊಂಟದಿಂದ ಕೆಳಗೆ ಜೋತು ಬೀಳದಂತೆ ಪಟ್ಟಿ ಬಿಗಿಮಾಡು. ಬಾಟಲಿ ಖಾಲಿ ಒಯ್ದು ಕಾಲೇಜಿನಲ್ಲಿ ತುಂಬಿಸಿಕೋ. ಅಡಾಪ್ಟರ್ ಮನೆಯಲ್ಲಿರಲಿ. ವೇಳಾಪಟ್ಟಿ ನೋಡಿ, ಬೇಕಾದ ದಿನ ಮಾತ್ರ ಲ್ಯಾಪ್‌ಟಾಪ್ ಒಯ್ಯಿ. ನೋಡಿದರೆ ವಾರದಲ್ಲಿ ಎರಡು ದಿನ ಮಾತ್ರ ಅದು ಬೇಕಿತ್ತು. ಉಳಿದ ದಿನ ಸುಮ್ಮನೆ ಬಸ್ಸಿನಲ್ಲಿ ಹೋಗಿಬರುತ್ತಿತ್ತು. ಈಗ ಅವಳ ಚೀಲ ಸಾಮಾನ್ಯ ದಿನಗಳಲ್ಲಿ ಮೂರು ಕೆ.ಜಿ. ಆಸುಪಾಸು, ಲ್ಯಾಪ್‌ಟಾಪ್ ಒಯ್ಯುವ ದಿನ ಐದೂವರೆ. ಇನ್ನೂ ಹೆಚ್ಚೇ, ಆದರೆ ವಾರಕ್ಕೆ ಎರಡೇ ದಿನ.

ಚಿಕಿತ್ಸೆಯಾಗಿ ಬಿಸಿ ಶಾಖ, ರೋಗನ್-ಎ-ಬಾಬೂನಾ ಹಚ್ಚಿ ಮೃದುವಾದ ದಲ್ಕ್, ಕುತ್ತಿಗೆ-ಭುಜದ ಸರಳ ವ್ಯಾಯಾಮ ಹೇಳಿಕೊಟ್ಟೆ. ಎಣ್ಣೆಯೊಂದರಿಂದಲೇ ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಕಾರಣ ಭುಜದ ಮೇಲೆಯೇ ನೇತಾಡುತ್ತಿರುವಾಗ ಎಣ್ಣೆ ಏನು ಮಾಡೀತು? ಬೆರಳುಗಳಲ್ಲಿ ಜೋಮು, ತೋಳಿನುದ್ದಕ್ಕೂ ಇಳಿಯುವ ನೋವು, ಹಿಡಿತ ಸಡಿಲವಾಗುವುದು ಇವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಮೂಳೆ ಅಥವಾ ನರದ ತಜ್ಞರಿಗೆ ತೋರಿಸಬೇಕು. ಈ ಹುಡುಗಿಗೆ ಅವು ಇರಲಿಲ್ಲ.

ತಂದೆಗೆ ಹೇಳದೆ ಇರುವುದು ಬೇಡ ಎಂದು ಅವಳನ್ನು ಒಪ್ಪಿಸಿದೆ. ಮುಂದಿನ ಸಲ ಅವರೇ ಗ್ಯಾರೇಜಿನ ಮಸಿ ಹತ್ತಿದ ಅಂಗಿಯಲ್ಲಿ ಬಂದರು. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದಿನಾ ಹಾಲು ತರಲು ಬುಲೆಟ್ ಗಾಡಿ ಬೇಡ ಅಂತ ಗಿರಾಕಿಗಳಿಗೆ ನಾನೇ ಹೇಳುತ್ತೇನೆ ಸಾಬ್. ನನ್ನ ಮಗಳಿಗೆ ನಾನು ತೆಗೆದುಕೊಟ್ಟದ್ದು ಅದನ್ನೇ" ಎಂದರು. ಮಗಳ ಕಡೆ ತಿರುಗಿ, "ಕಂತು ನನ್ನ ಚಿಂತೆ ಬೇಟಿ. ನೋವಾದರೆ ನನಗೆ ಹೇಳಬೇಕು" ಎಂದರು. ಆರು ವಾರಗಳಲ್ಲಿ ಅವಳ ಕುತ್ತಿಗೆ ಎರಡೂ ಕಡೆ ತಿರುಗತೊಡಗಿತು.

ನನ್ನ ಮಗನ ಹಗುರ ಲ್ಯಾಪ್‌ಟಾಪ್ ಈಗ ದವಾಖಾನೆಯ ಲೆಕ್ಕಕ್ಕೆ ಬಂದಿದೆ. ಅವನು ಕೇಳಿದ್ದ ಎರಡೂವರೆ ಕೆ.ಜಿ.ಯದನ್ನೇ ಒಂದು ವರ್ಷ ತಡವಾಗಿ ಕೊಡಿಸಿದೆ. ಈಗ ಹನ್ನೊಂದಕ್ಕೆ ಮಲಗುತ್ತಾನೆ ಎಂದು ಹೇಳುತ್ತಾನೆ. ಹನ್ನೆರಡಾದರೂ ಆಗುತ್ತಿರಬಹುದು, ಬೆಳಗಾಗುವುದಂತೂ ಇಲ್ಲ.

ಅಂಗಡಿಗೆ ಹೋಗುವ ಮುನ್ನ

1. ಮಗುವಿನ ತೂಕ ನೋಡಿ, ಅದರ ಹತ್ತನೇ ಒಂದು ಭಾಗ ಬರೆದಿಟ್ಟುಕೊಳ್ಳಿ. ಚೀಲದ ಒಟ್ಟು ಭಾರ ಅದರೊಳಗೆ ಇರಲಿ.

2. ದಿನಕ್ಕೆ ಎಷ್ಟು ಹೊತ್ತು ಹೊರಬೇಕು, ಬಸ್ಸಿನಲ್ಲಿ ನಿಲ್ಲಬೇಕೇ, ಎಷ್ಟು ಮಹಡಿ ಹತ್ತಬೇಕು ಎಂದು ಕೇಳಿ.

3. ಯಾವ ತಂತ್ರಾಂಶಗಳು ಬೇಕು, ಯಾವ ವರ್ಷದಿಂದ ಬೇಕು ಎಂದು ಕಾಲೇಜಿನ ಹಿರಿಯ ವಿದ್ಯಾರ್ಥಿಗಳನ್ನೂ ಉಪನ್ಯಾಸಕರನ್ನೂ ಕೇಳಿ. ಅಂಗಡಿಯವನನ್ನು ಕೊನೆಗೆ ಕೇಳಿ.

4. ಅಂಗಡಿಯಲ್ಲಿ ಲ್ಯಾಪ್‌ಟಾಪಿನ ತೂಕ ಹೇಳಿದರೆ ಅಡಾಪ್ಟರಿನ ತೂಕವನ್ನೂ ಕೇಳಿ. ಟೈಪ್-ಸಿ ಮೂಲಕ ಸಣ್ಣ ಚಾರ್ಜರ್‌ನಿಂದಲೂ ಚಾರ್ಜ್ ಆಗುತ್ತದೆಯೇ ಎಂದು ವಿಚಾರಿಸಿ.

5. ಮಗು ಏನಾದರೂ ಹೇಳಲು ಬಂದರೆ ಬಾಯಿ ಮುಚ್ಚಿಸಬೇಡಿ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ಕೊನೆಯದಾಗಿ, ಖರ್ಚಿಲ್ಲದ ಒಂದು ಪರೀಕ್ಷೆ. ಮಗುವಿನ ಚೀಲದಲ್ಲಿ ಈಗಿರುವ ಪುಸ್ತಕಗಳ ಜೊತೆಗೆ ಮೂರು ಕೆ.ಜಿ. ಅಕ್ಕಿಯ ಚೀಲವೊಂದನ್ನು ಇಟ್ಟು ಮೂರು ದಿನ ಹೋಗಿಬರಲು ಹೇಳಿ. ಅದು ಶಕ್ತಿಶಾಲಿ ಲ್ಯಾಪ್‌ಟಾಪ್ ಮತ್ತು ಅಡಾಪ್ಟರಿನ ಭಾರ. ಮುಂದಿನ ಮೂರು ದಿನ ಒಂದೂವರೆ ಕೆ.ಜಿ. ಇಡಿ. ಅದು ಹಗುರದ್ದರ ಭಾರ. ನನ್ನ ಕಿರಿಯ ಮಗಳು ಈಗ ದ್ವಿತೀಯ ಪಿಯುಸಿ. ಮುಂದಿನ ವರ್ಷ ಅವಳಿಗೂ ಲ್ಯಾಪ್‌ಟಾಪ್ ಬೇಕಾಗುತ್ತದೆ. ಕಳೆದ ತಿಂಗಳು ಅವಳ ಚೀಲದಲ್ಲಿ ಅಕ್ಕಿ ಇಟ್ಟು ಕಳಿಸಿದೆ. ಎರಡನೆಯ ದಿನ ಸಂಜೆಯೇ ಅವಳು ಅಕ್ಕಿಯ ಚೀಲವನ್ನು ಅಡುಗೆಮನೆಯಲ್ಲಿಟ್ಟು, "ಅಬ್ಬಾ, ಮೊದಲು ಯಾವ ಕೋರ್ಸ್ ಅಂತ ಗೊತ್ತಾಗಲಿ, ಲ್ಯಾಪ್‌ಟಾಪ್ ಆಮೇಲೆ ನೋಡೋಣ" ಎಂದಳು. ನಮ್ಮ ಮನೆಯಲ್ಲಿ ಈ ವಿಷಯದಲ್ಲಿ ಸರಿಯಾಗಿ ಯೋಚಿಸಿದ ಮೊದಲ ವ್ಯಕ್ತಿ ಅವಳು.